ವಿಕಾಸವೃಕ್ಷವೂ ಇಂದ್ರಿಯಗಣನೆಯೂ

ಜೀವವರ್ಗೀಕರಣವು ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಕಂಠಪಾಠದ ವಿಷಯವಾಗಿದೆ. ವಿಟೇಕರ್ 1969ರಲ್ಲಿ ಮಂಡಿಸಿದ ಐದು ಸಾಮ್ರಾಜ್ಯಗಳ ಹೆಸರುಗಳನ್ನು ವಿದ್ಯಾರ್ಥಿಯು ತಪ್ಪಿಲ್ಲದೆ ಒಪ್ಪಿಸುತ್ತಾನೆ. ಅಣಬೆಯು ಸಸ್ಯಕ್ಕಿಂತ ಪ್ರಾಣಿಗೇ ಹತ್ತಿರದ ಬಂಧು ಎಂದರೆ ಮಾತ್ರ ಬೆರಗಾಗುತ್ತಾನೆ. ಹೆಸರು ತಿಳಿದಿದೆ, ಸಂಬಂಧ ತಿಳಿದಿಲ್ಲ.

ಸಂಬಂಧವನ್ನು ತೋರಿಸುವುದು ವಿಕಾಸವೃಕ್ಷ. ಡಾರ್ವಿನ್ 1837ರಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಅದರ ಒಂದು ರೂಪವನ್ನು ಗೀಚಿದ್ದನು. 1859ರ ಅವನ ಮಹಾಗ್ರಂಥದಲ್ಲಿದ್ದ ಏಕೈಕ ಚಿತ್ರವೂ ಕವಲೊಡೆಯುವ ವಂಶರೇಖೆಗಳದೇ. ಇಲ್ಲಿ ಪ್ರತಿಯೊಂದು ಕವಲೂ ಒಬ್ಬ ಸಮಾನ ಪೂರ್ವಜನನ್ನು ಸೂಚಿಸುತ್ತದೆ. ಮೊಸಳೆಯು ನೋಟಕ್ಕೆ ಹಲ್ಲಿಯಂತಿದ್ದರೂ ವಂಶದಲ್ಲಿ ಕೋಳಿಗೆ ಸಮೀಪ. ಗೆದ್ದಲು ಇರುವೆಯಂತೆ ಕಂಡರೂ ಜಿರಳೆಯ ಕುಲಕ್ಕೆ ಸೇರಿದುದು.

ಇಂತಹ ಪಾಠಕ್ಕೆ ಎರಡು ಕಡೆಗಳಿಂದ ಅಪಚಾರವಾಗುತ್ತಿದೆ. ಮೊದಲನೆಯದು, ವೃಕ್ಷವನ್ನು ಏಣಿಯಂತೆ ಬೋಧಿಸುವುದು. ಒಂದು ತುದಿಯಲ್ಲಿ ಬ್ಯಾಕ್ಟೀರಿಯ, ಇನ್ನೊಂದು ತುದಿಯಲ್ಲಿ ಮನುಷ್ಯ. ನಡುವಿನವೆಲ್ಲ ಅವನೆಡೆಗೆ ಸಾಗುವ ಮೆಟ್ಟಿಲುಗಳು! ಕವಲಿನ ಎರಡು ಕೊಂಬೆಗಳನ್ನು ಅದಲುಬದಲು ಮಾಡಿದರೂ ಚಿತ್ರದ ಅರ್ಥ ಬದಲಾಗದೆಂಬುದನ್ನು ಶಿಕ್ಷಕರು ಹೇಳುವುದೇ ಇಲ್ಲ. ಇಂದು ಬದುಕಿರುವ ಬ್ಯಾಕ್ಟೀರಿಯವೂ ಮನುಷ್ಯನೂ ಒಂದೇ ಮೂಲದಿಂದ ಅಷ್ಟೇ ಕಾಲ ನಡೆದು ಬಂದಿರುವ ವಂಶಗಳು. ಏಣಿಯನ್ನು ಕಲಿತ ಮಗು ಅದರೊಡನೆ ಅಹಂಕಾರವನ್ನೂ ಕಲಿಯುತ್ತದೆ.

ಎರಡನೆಯದು, ನಮ್ಮವರೇ ಎಸಗುವ ಅಪಚಾರ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಗಣನೆಯೇ ವಿಕಾಸವಾದವೆಂದು ವೇದಿಕೆಗಳಲ್ಲಿ ಸಾರುವವರುಂಟು. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕ್ರಮದಲ್ಲಿ ಇರುವೆಗೆ ಮೂರು ಇಂದ್ರಿಯ, ದುಂಬಿಗೆ ನಾಲ್ಕು. ವಿಕಾಸವೃಕ್ಷದಲ್ಲಾದರೋ ಇರುವೆಯೂ ಜೇನು, ದುಂಬಿಗಳೂ ಒಂದೇ ಗಣದ ಸಮೀಪ ಬಂಧುಗಳು. ಒಂದು ಗಣನೆಯು ಜೀವಿ ಯಾವ ವಂಶದ್ದೆಂದು ಕೇಳುತ್ತದೆ. ಮತ್ತೊಂದು, ಅದು ಏನನ್ನು ಅನುಭವಿಸಬಲ್ಲದೆಂದು ಕೇಳುತ್ತದೆ. ಪ್ರಶ್ನೆಗಳೇ ಬೇರೆಯಾಗಿರುವಾಗ ಉತ್ತರಗಳನ್ನು ಒಂದಾಗಿಸುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಗೌರವವಲ್ಲ. ಮೇಲಾಗಿ, ಅಹಿಂಸೆಗೆ ರಕ್ತಸಂಬಂಧದ ಆಧಾರವೇಕೆ? ಬಂಧುವಾದುದರಿಂದಲೇ ಮರುಗುವ ದಯೆಯು ದಯೆಯಲ್ಲ, ಸ್ವಜನಪಕ್ಷಪಾತ.

ಹತ್ತನೆಯ ತರಗತಿಯ ಕೇಂದ್ರ ಪಠ್ಯಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟುದನ್ನು ವಿರೋಧಿಸಿ 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಅವರ ವಿರೋಧ ನ್ಯಾಯವಾದುದು. ಆದರೆ ಪಾಠವು ಪುಸ್ತಕದಲ್ಲಿದ್ದ ಮಾತ್ರಕ್ಕೆ ಸಾಲದು. ಹಕ್ಕಿ, ಬಾವಲಿ, ಹಸುಗಳ ಲಕ್ಷಣಗಳನ್ನು ಪಟ್ಟಿಮಾಡಿ ವೃಕ್ಷವನ್ನು ತಾವೇ ಬರೆಯುವಂತೆ ಮಕ್ಕಳಿಗೆ ಹೇಳಬೇಕು. ರೆಕ್ಕೆಯು ಬಾವಲಿಯನ್ನು ಹಕ್ಕಿಯತ್ತ ಸೆಳೆಯುತ್ತದೆ. ರೋಮ, ಮೊಲೆಹಾಲುಗಳು ಹಸುವಿನತ್ತ ಸೆಳೆಯುತ್ತವೆ. ಎರಡು ರೆಕ್ಕೆಗಳ ಮೂಳೆಗಳ ರಚನೆಯನ್ನು ಹೋಲಿಸಿದ ಮಗು ಮೊದಲು ಬರೆದ ಗೆರೆಯನ್ನು ಅಳಿಸಿ ಬಾವಲಿಯನ್ನು ಹಸುವಿನ ಕವಲಿಗೆ ಸೇರಿಸುತ್ತದೆ. ಸಾಕ್ಷ್ಯಕ್ಕೆ ತಲೆಬಾಗಿ ತನ್ನ ಗೆರೆಯನ್ನು ತಾನೇ ಅಳಿಸುವುದು ಸತ್ಯವ್ರತದ ಮೊದಲ ಅಭ್ಯಾಸ. ಅದನ್ನು ಮಕ್ಕಳಿಗೆ ನಿರಾಕರಿಸುವ ಹಕ್ಕು ಯಾರಿಗೂ ಇಲ್ಲ.