ಸ್ಪೀಡ್ ಗನ್ ಒಂದಿದ್ದರೆ ಸಾಕಾ?

ನಮ್ಮ ನಿಟ್ಟೂರಿನಲ್ಲಿ, ಅಷ್ಟೇ ಏಕೆ, ಹೊಸನಗರ, ಸಾಗರ, ತೀರ್ಥಹಳ್ಳಿ ಎಲ್ಲಿ ಬೇಕಾದರೂ ಹೋಗಿ, ಕಾಲೇಜು ಹುಡುಗನೊಬ್ಬ ಚೆನ್ನಾಗಿ ಬೌಲಿಂಗ್ ಮಾಡ್ತಾನೆ ಅಂತ ಹೇಳಿ ನೋಡಿ. ಎದುರಿಗಿದ್ದವರ ಮೊದಲ ಪ್ರಶ್ನೆ ಒಂದೇ. "ಸ್ಪೀಡ್ ಎಷ್ಟು ಮಾರಾಯ?"

ಚಹಾ ಅಂಗಡಿಯಲ್ಲಿ ಕೂತವರು ಹಾಗೆ ಕೇಳಿದರೆ ಬೇಸರವಿಲ್ಲ. ಆದರೆ ಹುಡುಗರನ್ನು ಆರಿಸಲೆಂದೇ ಟ್ರಯಲ್ಸ್ ಇಟ್ಟವರೂ ಅದನ್ನೇ ಕೇಳಿದರೆ? ಸ್ಟಂಪಿನ ಹಿಂದೆ ಸ್ಪೀಡ್ ಗನ್ ಹಿಡಿದು ಒಬ್ಬ ನಿಲ್ತಾನೆ, ಹುಡುಗನಿಗೆ ಆರು ಎಸೆತ ಕೊಡ್ತಾರೆ, ಒಂದು ಸಂಖ್ಯೆ ಬರ್ಕೋತಾರೆ, "ನೆಕ್ಸ್ಟ್!" ಅಂತಾರೆ. ಮುಗೀತು. ಇದು ಆಯ್ಕೆ ಅಲ್ಲ ಸ್ವಾಮಿ, ತೂಕ ಹಾಕೋದು. ಅಡಿಕೆ ಮಂಡಿಯಲ್ಲಿ ಕೂಡ ಚೀಲ ಬಿಚ್ಚಿ, ಕೈಗೆ ತಗೊಂಡು, ಒಂದೆರಡು ಒಡೆದು ನೋಡಿ ರೇಟು ಹೇಳ್ತಾರೆ!

ಇಂಥ ಆಯ್ಕೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದಕ್ಕೆ ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಂದು ಒಳ್ಳೆ ಉದಾಹರಣೆ ಇದೆ. 2008ರಲ್ಲಿ ಭಾರತದಲ್ಲಿ "ಮಿಲಿಯನ್ ಡಾಲರ್ ಆರ್ಮ್" ಅಂತ ಒಂದು ಟಿವಿ ಸ್ಪರ್ಧೆ ನಡೆಯಿತು. ಯಾರು ಜೋರಾಗಿ, ನೇರವಾಗಿ ಎಸೀತಾರೋ ಅವರು ಗೆದ್ದರು. ಗೆದ್ದು ಅಮೆರಿಕಕ್ಕೆ ಹೋದ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್ ಇಬ್ಬರೂ ಉತ್ತರ ಪ್ರದೇಶದ ಜಾವೆಲಿನ್ ಹುಡುಗರು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅದೇ ವರ್ಷ ಇಬ್ಬರ ಜೊತೆಗೂ ಒಪ್ಪಂದ ಮಾಡಿಕೊಂಡಿತು. ಸಿನಿಮಾನೂ ಬಂತು. ಆದರೆ ಇಬ್ಬರಲ್ಲಿ ಒಬ್ಬರೂ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯ ಆಡಲಿಲ್ಲ. ತಪ್ಪು ಆ ಹುಡುಗರದ್ದಲ್ಲ. ತೋಳಿನ ಜೋರು ಸಿಕ್ಕರೆ ಪಿಚ್ಚರ್ ಸಿಕ್ಕಿದ ಹಾಗೆ ಅಂದುಕೊಂಡರಲ್ಲ, ಆ ಲೆಕ್ಕದ್ದು.

ಅದೇ ಅಮೆರಿಕದಲ್ಲಿ ಕಾಲೇಜು ಪಿಚ್ಚರ್‌ಗಳನ್ನು ವೃತ್ತಿಪರ ತಂಡಗಳಿಗೆ ಆರಿಸುವ ಕ್ರಮ ನೋಡಿ. ವರ್ಷಕ್ಕೊಮ್ಮೆ ಡ್ರಾಫ್ಟ್ ನಡೀತದೆ, ಈಗ 20 ಸುತ್ತು. ಅದಕ್ಕೂ ಮುಂಚೆ ಸ್ಕೌಟ್‌ಗಳು ಕಾಲೇಜು ಸೀಸನ್ ಉದ್ದಕ್ಕೂ ಊರೂರು ಸುತ್ತುತ್ತಾರೆ. 20ರಿಂದ 80ರವರೆಗಿನ ಅಂಕ ಕೊಡ್ತಾರೆ. ವೇಗದ ಎಸೆತಕ್ಕೆ ಒಂದು ಅಂಕ, ತಿರುವಿಗೆ ಬೇರೆ, ನಿಧಾನದ ಎಸೆತಕ್ಕೆ ಬೇರೆ, ಹಿಡಿತಕ್ಕೆ ಬೇರೆ. ಮೊಣಕೈ, ಭುಜದ ವೈದ್ಯಕೀಯ ವರದಿಯನ್ನೂ ಓದುತ್ತಾರೆ. ಸ್ಪೀಡ್ ಗನ್ ಅಲ್ಲೂ ಇದೆ, ಆದರೆ ಅದು ಪಟ್ಟಿಯ ಒಂದು ಕಾಲಂ. ನಮ್ಮಲ್ಲಿ ಅದೇ ಇಡೀ ಪಟ್ಟಿ!

ಅಷ್ಟು ದೂರ ಯಾಕೆ, ದಾವಣಗೆರೆಗೆ ಬನ್ನಿ. ವಿನಯ್ ಕುಮಾರ್ ಅವರ ವೇಗ ಕಂಡು ನಕ್ಕವರು ಎಷ್ಟು ಜನ! 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಆಡಿದ ಒಂದೇ ಟೆಸ್ಟ್ ಇಟ್ಟುಕೊಂಡು ಇವತ್ತಿಗೂ ಜೋಕ್ ಮಾಡ್ತಾರೆ. ಆದರೆ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರು ತೆಗೆದ ವಿಕೆಟ್ 504. ನಾಯಕನಾಗಿ 2013-14, 2014-15 ಎರಡೂ ವರ್ಷ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದರು. 19ನೇ ವಯಸ್ಸಿನಲ್ಲಿ ಆರು ಎಸೆತದ ಟ್ರಯಲ್ಸ್‌ನಲ್ಲಿ ಗನ್ ಮುಂದೆ ನಿಲ್ಲಿಸಿದ್ದರೆ ಇವರು ಪಾಸ್ ಆಗ್ತಿದ್ದರಾ? ಮಜಾ ಏನಂದರೆ, 2021ರಲ್ಲಿ ಮುಂಬೈ ಇಂಡಿಯನ್ಸ್ ತಂಡ ಪ್ರತಿಭೆ ಹುಡುಕೋದಕ್ಕೆ ಕರೆದದ್ದು ಇದೇ ವಿನಯ್ ಕುಮಾರ್ ಅವರನ್ನು.

"ವೇಗ ಹುಟ್ಟಿನಿಂದ ಬರೋದು, ಉಳಿದದ್ದನ್ನು ಕಲಿಸಬಹುದು" ಅನ್ನೋರಿದ್ದಾರೆ. ಈ ವಾದದಲ್ಲಿ ಹುರುಳಿದೆ, ಇಲ್ಲ ಅನ್ನಲ್ಲ. ಅಭಿಮನ್ಯು ಮಿಥುನ್ ಅವರನ್ನೇ ತಗೊಳ್ಳಿ. ಡಿಸ್ಕಸ್ ಎಸೀತಿದ್ದ ಹುಡುಗ, 17 ವರ್ಷದ ತನಕ ಲೆದರ್ ಬಾಲ್‌ನಲ್ಲಿ ಬೌಲಿಂಗ್ ಮಾಡಿದವರಲ್ಲ. ಆದರೆ ಅವರು ಭಾರತ ತಂಡಕ್ಕೆ ಹೋದದ್ದು ಒಂದು ಸಂಖ್ಯೆಯ ಬಲದಿಂದಲ್ಲ. 2009-10ರ ರಣಜಿ ಸೀಸನ್ ಪೂರ್ತಿ ಆಡಿ 47 ವಿಕೆಟ್ ತೆಗೆದ ಮೇಲೆ. ಅಂದರೆ ಗನ್ ಬಾಗಿಲು ತೆಗೆಯಲಿ, ಬೇಡ ಅನ್ನಲ್ಲ. ಬಾಗಿಲು ಮುಚ್ಚುವ ಅಧಿಕಾರ ಮಾತ್ರ ಅದಕ್ಕೆ ಕೊಡಬೇಡಿ.

ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಅವರನ್ನು ಗುರುತಿಸಿದ್ದು ಯಾರು? ಯಂತ್ರ ಅಲ್ಲ, ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್. ಕ್ಲಬ್ ಪಂದ್ಯದಲ್ಲಿ ಆ ಹುಡುಗನ ಆಟ ಕಂಡು. ಆಮೇಲೆ ಶ್ರೀನಾಥ್ 236 ಟೆಸ್ಟ್ ವಿಕೆಟ್ ತೆಗೆದರು. ನೋಡುವ ಕಣ್ಣು ಅಂದರೆ ಇದು.

ಹಾಗಾದರೆ ಏನು ನೋಡಬೇಕು? ಮೊದಲ ಸ್ಪೆಲ್ ಅಲ್ಲ, ಮೂರನೇ ಸ್ಪೆಲ್ ನೋಡಿ. ಚೆಂಡು ಹಳತಾಗಿ, ಬಿಸಿಲು ಏರಿ, ಕ್ಯಾಚ್ ಒಂದು ಕೈಬಿಟ್ಟ ಮೇಲೆ ಹುಡುಗ ಎಲ್ಲಿ ಪಿಚ್ ಮಾಡ್ತಾನೆ ಅಂತ ನೋಡಿ. ಚೆಂಡಿನ ಹೊಲಿಗೆ ನೆಟ್ಟಗೆ ಹೋಗ್ತದಾ, ಮಣಿಕಟ್ಟು ಚೆಂಡಿನ ಹಿಂದೆ ಇದೆಯಾ ನೋಡಿ. ಎಡಗೈ ಬ್ಯಾಟ್ಸ್‌ಮನ್ ಬಂದಾಗ ಅವನಾಗಿಯೇ ಲೈನ್ ಬದಲಿಸ್ತಾನಾ, ಯಾರಾದರೂ ಕೂಗಿ ಹೇಳಬೇಕಾ? ಇವುಗಳಲ್ಲಿ ಯಾವುದೂ ಆರು ಎಸೆತದಲ್ಲಿ ಕಾಣೋದಿಲ್ಲ.

ಎಲ್ಲಕ್ಕಿಂತ ಮುಖ್ಯ, ಮೈ ನೋಡಿ. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಗುವ ಆ್ಯಕ್ಷನ್ ಇದ್ದರೆ ಬೆನ್ನಿಗೆ ಅಪಾಯ. ಹರೆಯದ ವೇಗಿಗಳಿಗೆ ಬೆನ್ನುಮೂಳೆಯ ಕೆಳಭಾಗದಲ್ಲಿ ಸಣ್ಣ ಬಿರುಕು ಬಿಡೋದು ಸಾಮಾನ್ಯ, ಸ್ಟ್ರೆಸ್ ಫ್ರ್ಯಾಕ್ಚರ್ ಅಂತಾರೆ. ಆ ವಯಸ್ಸಿಗೆ ಮೂಳೆ ಪೂರ್ತಿ ಗಟ್ಟಿಯಾಗಿರೋದಿಲ್ಲ. ಅದಕ್ಕೇ ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ 19ರೊಳಗಿನ ವೇಗಿಗಳಿಗೆ ಒಂದು ಸ್ಪೆಲ್‌ಗೆ 7, ದಿನಕ್ಕೆ 18 ಓವರ್ ಅಂತ ಮಿತಿ ಹಾಕಿತ್ತು.

ನಮ್ಮ ಮಲೆನಾಡಿನ ಹುಡುಗನ ಕಥೆ ಹೇಗೆ? ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮೈದಾನವೇ ಇಲ್ಲ. ಗದ್ದೆ ಕೊಯ್ಲಾದ ಮೇಲೆ ಗದ್ದೆಬಯಲಿನಲ್ಲಿ, ಆಮೇಲೆ ಹೊನಲು ಬೆಳಕಿನ ಟೂರ್ನಮೆಂಟ್‌ಗಳಲ್ಲಿ ಟೆನಿಸ್ ಬಾಲ್. ಒಂದೇ ರಾತ್ರಿ ನಾಲ್ಕು ಪಂದ್ಯ. ಟೆನಿಸ್ ಬಾಲ್‌ಗೆ ಹೊಲಿಗೆ ಇಲ್ಲ, ತೂಕ ಇಲ್ಲ, ಹಾಗಾಗಿ ಭುಜ ಕಿತ್ತು ಬರುವ ಹಾಗೆ ಎಸೀಬೇಕು. ಓವರ್ ಎಷ್ಟಾಯ್ತು ಅಂತ ಯಾರೂ ಲೆಕ್ಕ ಇಡೋದಿಲ್ಲ. ಒಳ್ಳೆ ಟರ್ಫ್ ಪಿಚ್ ಬೇಕಂದರೆ ಶಿವಮೊಗ್ಗದ ನವುಲೆಗೆ ಹೋಗಬೇಕು. ನಿಟ್ಟೂರಿಂದ ಹೋಗಿಬರೋದರಲ್ಲೇ ದಿನದ ಅರ್ಧ ಹೋಯ್ತು.

ನನಗೆ ಗೊತ್ತಿರುವ ಒಬ್ಬ ಹುಡುಗ, ಡಿಗ್ರಿ ಎರಡನೇ ವರ್ಷ. ಎಲ್ಲರೂ ಸ್ಪೀಡು ಸ್ಪೀಡು ಅಂದದ್ದಕ್ಕೆ ಒಂದು ಟ್ರಯಲ್ಸ್‌ಗೆ ಮುಂಚೆ ಎರಡು ತಿಂಗಳು ಬರೀ ಜೋರಾಗಿ ಎಸೆಯೋದನ್ನೇ ಅಭ್ಯಾಸ ಮಾಡಿದ. ಚೆಂದದ ಔಟ್‌ಸ್ವಿಂಗ್ ಇತ್ತು ಅವನಿಗೆ, ಅದು ಹೋಯ್ತು. ಬೆನ್ನುನೋವು ಬಂತು, ಹೇಳಿದರೆ ಕಳಿಸೋದಿಲ್ಲ ಅಂತ ಮನೆಯಲ್ಲಿ ಮುಚ್ಚಿಟ್ಟ. ಆರು ಎಸೆತ ಹಾಕಿ ಬಸ್ ಹತ್ತಿ ವಾಪಸ್ ಬಂದ. ಯಾಕೆ ಬೇಡ ಅಂದರು ಅಂತ ಕೂಡ ಯಾರೂ ಹೇಳಲಿಲ್ಲ. ಇಂಟರ್ನಲ್ಸ್ ಬೇರೆ ತಪ್ಪಿತ್ತು.

ಪ್ರಸಿದ್ಧ್ ಕೃಷ್ಣ ಅವರಿಗೂ ಬೆನ್ನು ಕೈಕೊಟ್ಟಿತ್ತು. ಗಾಯಗಳಿಂದಾಗಿ 2023, 2024 ಎರಡೂ ಐಪಿಎಲ್ ತಪ್ಪಿತು. ಆದರೂ 2025ರಲ್ಲಿ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಗೆದ್ದರು. ಅವರ ಛಲ ದೊಡ್ಡದು, ಸಂಶಯವಿಲ್ಲ. ಅದರ ಜೊತೆಗೆ ಡಾಕ್ಟರು, ಫಿಸಿಯೋ, ಕಾಯುವ ತಂಡ ಎಲ್ಲ ಇತ್ತು. ನಮ್ಮ ಹುಡುಗನಿಗೆ ಇರೋದು ನೋವಿನ ಮುಲಾಮು ಒಂದೇ.

ಹಾಗಾಗಿ ನಾನು ಕೇಳೋದು ಇಷ್ಟೇ. ಆಯ್ಕೆ ಮಾಡುವವರು ವರ್ಷದಲ್ಲಿ ಮೂರು ಸಲವಾದರೂ ಕಾಲೇಜು ಪಂದ್ಯಗಳಿಗೆ ಬಂದು ಕೂರಲಿ. ಟ್ರಯಲ್ಸ್ ಅಂದರೆ ಕನಿಷ್ಠ ಎರಡು ದಿನ, ಎರಡು ಸ್ಪೆಲ್ ಇರಲಿ. ಬೇಡ ಅಂದ ಹುಡುಗನಿಗೆ ಒಂದು ಚೀಟಿಯಲ್ಲಾದರೂ ಕಾರಣ ಬರೆದುಕೊಡಲಿ. ನಮ್ಮೂರ ಟೂರ್ನಮೆಂಟ್ ಕಮಿಟಿಯವರೂ ಕೇಳಿ: 19ರೊಳಗಿನ ಹುಡುಗನಿಗೆ ಒಂದು ರಾತ್ರಿಗೆ ಇಷ್ಟೇ ಓವರ್ ಅಂತ ನಿಯಮ ಮಾಡೋದಕ್ಕೆ ಬೆಂಗಳೂರಿನ ಅಪ್ಪಣೆ ಬೇಡ, ಸ್ಕೋರ್ ಬುಕ್ಕಿನಲ್ಲಿ ಒಂದು ಗೆರೆ ಸಾಕು.

ಸಾಗರದ ಭರತ್ ಚಿಪ್ಲಿ ರಣಜಿ ಆಡಿದರು, ಐಪಿಎಲ್ ಆಡಿದರು. ಬ್ಯಾಟ್ಸ್‌ಮನ್ ಒಬ್ಬ ಈ ಕಡೆಯಿಂದ ಅಲ್ಲಿಗೆ ಮುಟ್ಟಿದ್ದಾರೆ ಅಂದಮೇಲೆ ವೇಗಿಯೊಬ್ಬ ಯಾಕೆ ಮುಟ್ಟಬಾರದು? ಹುಡುಗರು ಇಲ್ಲ ಅಂತ ಮಾತ್ರ ಹೇಳಬೇಡಿ. ಇದ್ದಾರೆ. ಬಂದು ನೋಡೋರು ಬೇಕು ಅಷ್ಟೆ.

ಏನಂತೀರಿ?