ಕಿಟಕಿಯಲ್ಲಿ ಕಡಲು, ಬುಡದಲ್ಲಿ ಬಾವಿ

ದ್ವೀಪವೊಂದಕ್ಕೆ ಪ್ರವಾಸ ಹೊರಟವರು ಮೊದಲು ಕೇಳುವ ಪ್ರಶ್ನೆ, ಕೋಣೆಯಿಂದ ಕಡಲು ಕಾಣುವುದೇ ಎಂಬುದು. ಎರಡನೆಯದು, ಕಡಲಿಗೆ ಎಷ್ಟು ಹೆಜ್ಜೆ? ಮೂರನೆಯದು, ಬಾಡಿಗೆ ಎಷ್ಟು? ಈ ಮೂರಕ್ಕೆ ಉತ್ತರ ದೊರೆತರೆ ತಂಗುದಾಣದ ಆಯ್ಕೆ ಮುಗಿಯಿತು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಮಿಂದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಯಾರ ನಾಲಗೆಯ ಮೇಲೂ ಸುಳಿಯುವುದಿಲ್ಲ. ಹವಳದ ದ್ವೀಪಗಳ ಮಟ್ಟಿಗೆ ಈ ಮರೆವನ್ನು ಬರಿಯ ಅಜ್ಞಾನವೆಂದು ಕ್ಷಮಿಸಲಾಗದು. ಅದು ಇನ್ನೊಬ್ಬರ ಬಾವಿಗೆ ಉಪ್ಪು ಸುರಿಯುವ ಕೃತ್ಯ.

2024ರ ಜನವರಿಯಲ್ಲಿ ಪ್ರಧಾನಿಯವರ ಭೇಟಿಯ ಚಿತ್ರಗಳು ಹರಡಿದ ಬಳಿಕ ಲಕ್ಷದ್ವೀಪದ ಹೆಸರು ದೇಶದ ಪ್ರವಾಸಿಗಳೆಲ್ಲರ ಬಾಯಲ್ಲಿ ಕುಳಿತಿತು. ಈ ದ್ವೀಪಗಳು ಕನ್ನಡಿಗರಿಗೆ ಪರದೇಶವೇನಲ್ಲ. ಅಮೀನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಗಳನ್ನೊಳಗೊಂಡ ಅಮೀನ್‌ದಿವಿ ಸಮೂಹವು 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ದ್ವೀಪದ ಹೆಂಗಸರು ಹೊಸೆದ ತೆಂಗಿನ ನಾರಿನ ಹುರಿಯು ಓಡಗಳಲ್ಲಿ ಮಂಗಳೂರಿಗೆ ಬರುತ್ತಿತ್ತು. ಅದಕ್ಕೆ ಬದಲಾಗಿ ಅಕ್ಕಿ ಹೋಗುತ್ತಿತ್ತು. ಹುರಿ ಕೊಟ್ಟು ಅಕ್ಕಿ ಕೊಂಡ ಆ ಜನರ ನೆಲಕ್ಕೆ ಇಂದು ಘಟ್ಟದ ಮೇಲಿನವರೂ ಕೆಳಗಿನವರೂ ಅತಿಥಿಗಳಾಗಿ ಹೊರಟಿದ್ದಾರೆ. ಅತಿಥಿಯು ಎಲ್ಲಿ ಮಲಗಬೇಕೆಂಬ ಪ್ರಶ್ನೆ ಆದ್ದರಿಂದಲೇ ಇಲ್ಲಿ ಚರ್ಚೆಗೆ ಅರ್ಹವಾಗಿದೆ.

ಲಕ್ಷದ್ವೀಪದ ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473. ಅಂದರೆ ಪ್ರತಿ ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಮಿಕ್ಕಿದ ಜನ. ಖಾಲಿ ಬಿದ್ದಿರುವ ಸ್ವರ್ಗವೆಂದು ಜಾಹೀರಾತುಗಳು ತೋರಿಸುವ ಈ ನೆಲ ವಾಸ್ತವದಲ್ಲಿ ಕಿಕ್ಕಿರಿದ ಹಳ್ಳಿಗಳ ಸಾಲು. ಕದ್ಮತ್ ದ್ವೀಪವನ್ನೇ ನೋಡಬಹುದು. ಉದ್ದಕ್ಕೆ ಚಾಚಿದ ಈ ಕಿರುಪಟ್ಟಿಯು ಅತಿ ಅಗಲವಾದ ಜಾಗದಲ್ಲೂ ಅರ್ಧ ಕಿಲೋಮೀಟರಿನ ಆಸುಪಾಸಿನಲ್ಲಿದೆ. ನದಿಯಿಲ್ಲ, ಹಳ್ಳವಿಲ್ಲ, ಗುಡ್ಡವಿಲ್ಲ. 2011ರಲ್ಲಿ ಇಲ್ಲಿದ್ದವರು 5,404 ಮಂದಿ. ಇಂಥ ದ್ವೀಪದಲ್ಲಿ 110 ಕೊಠಡಿಗಳ ಐಷಾರಾಮಿ ತಂಗುದಾಣ ಕಟ್ಟುವುದಾಗಿ 2023ರ ಜನವರಿಯಲ್ಲಿ ದೊಡ್ಡ ಹೋಟೆಲ್ ಸಂಸ್ಥೆಯೊಂದು ಘೋಷಿಸಿತು. ತೀರದಲ್ಲಿ 75 ವಿಲ್ಲಾಗಳು, ನೀರಿನ ಮೇಲೆ ಕಂಬ ನೆಟ್ಟು ಇನ್ನು 35. ಸುಹೇಲಿಯಲ್ಲೂ ಅಷ್ಟೇ ಕೊಠಡಿಗಳು. ಇದನ್ನು ಅಭಿವೃದ್ಧಿಯ ಶುಭವಾರ್ತೆಯೆಂದು ಪತ್ರಿಕೆಗಳು ಬರೆದವು. ಆ ಕೊಠಡಿಗಳ ಬುಡದಲ್ಲಿರುವ ನೀರಿನ ಸುದ್ದಿ ಬರೆದವರು ವಿರಳ.

ಆ ನೀರಿನ ಲೆಕ್ಕ ಹೀಗಿದೆ. ಹವಳದ ಮರಳು ಜಾಳುಜಾಳು. ಸುರಿದ ಮಳೆ ಹರಿಯುವುದಿಲ್ಲ, ನೇರವಾಗಿ ಇಂಗುತ್ತದೆ. ಇಂಗಿದ ಸಿಹಿನೀರು ಉಪ್ಪುನೀರಿಗಿಂತ ಹಗುರವಾದುದರಿಂದ, ಹಾಲಿನ ಮೇಲಿನ ಕೆನೆಯಂತೆ, ನೆಲದಡಿಯ ಕಡಲನೀರಿನ ಮೇಲೆ ತೇಲಿ ನಿಲ್ಲುತ್ತದೆ. ನಡುವೆ ದಪ್ಪ, ಅಂಚಿನಲ್ಲಿ ತೆಳು. ಮಸೂರದ ಆಕಾರದ ಈ ಪದರವೇ ದ್ವೀಪದ ಕೆರೆ, ಬಾವಿ, ಒರತೆ ಎಲ್ಲವೂ. ಜಲವಿಜ್ಞಾನದ ಒಂದು ಹಳೆಯ ನಿಯಮವು ಇದರ ಸೂಕ್ಷ್ಮತೆಯನ್ನು ತಿಳಿಸುತ್ತದೆ: ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರಬಲ್ಲದು. ನಿಯಮದ ಮತ್ತೊಂದು ಮುಖ ಕಠೋರವಾದುದು. ಮೇಲಿನ ಮಟ್ಟ ಒಂದಂಗುಲ ತಗ್ಗಿದರೆ ಕೆಳಗಿನಿಂದ ಉಪ್ಪು ನಲವತ್ತಂಗುಲ ಏರುತ್ತದೆ. ಕೊಡದಿಂದ ಸೇದಿದಾಗ ಈ ಪದರ ತಾಳಿಕೊಳ್ಳುತ್ತದೆ. ಪಂಪು ಒಂದೇ ಕಡೆ ಎಳೆದಾಗ ಉಪ್ಪುನೀರು ಕೋಡಿನಂತೆ ಮೇಲೆದ್ದು ಬಾವಿಯನ್ನು ಹೊಗುತ್ತದೆ. ಒಮ್ಮೆ ಉಪ್ಪಾದ ಬಾವಿ ಮರುದಿನವೇ ಸಿಹಿಯಾಗದು; ಮಳೆಗಾಲ ಬಂದು ತೊಳೆಯುವತನಕ ಕಾಯಬೇಕು.

ಪದರವು ಅತಿ ತೆಳುವಾಗಿರುವ ಜಾಗ ಯಾವುದು? ತೀರದ ಅಂಚು. ಪ್ರವಾಸಿಗೆ ಕೋಣೆ ಬೇಕಾಗಿರುವ ಜಾಗ ಯಾವುದು? ಅದೇ ತೀರದ ಅಂಚು. ಸಂಘರ್ಷದ ಬೇರು ಇಷ್ಟರಲ್ಲೇ ಇದೆ.

ಹೊಲಸಿನ ದಾರಿಯೂ ನೀರಿನ ದಾರಿಯೇ. ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಶೌಚಗುಂಡಿಯ ನೀರು ಸೋಸಿಕೊಂಡು ಇಳಿಯಲು ಮಣ್ಣಿನ ದಪ್ಪವಿದೆ. ಹವಳದ ಮರಳಿನಲ್ಲಿ ಆ ಅನುಕೂಲವಿಲ್ಲ. ದ್ವೀಪದ ಬಹುಪಾಲು ನೆಲ ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದಲ್ಲಿದೆ. ಗುಂಡಿಯ ತಳಕ್ಕೂ ಬಾವಿಯ ನೀರಿಗೂ ನಡುವೆ ಉಳಿಯುವ ಅಂತರ ಅಲ್ಪ. ಮನೆಯವರ ಹೊಲಸನ್ನೇ ತಾಳಿಕೊಳ್ಳಲು ಹೆಣಗುವ ಮರಳಿಗೆ ನೂರಾರು ಅತಿಥಿಗಳ ಹೊಲಸು ಸೇರಿದರೆ ಅದು ಒಂದೋ ಊರ ಬಾವಿಗೆ, ಇಲ್ಲವೇ ಲಗೂನಿಗೆ ಸೇರಬೇಕು. ಮೂರನೆಯ ಜಾಗ ದ್ವೀಪದಲ್ಲಿಲ್ಲ.

ಹವಳದ ದಂಡೆಯೊಳಗಿನ ಆಳವಿಲ್ಲದ ತಿಳಿಗಡಲೇ ಲಗೂನ್. ಪ್ರವಾಸಿಗೆ ಅದು ನೀಲಿ ಬಣ್ಣದ ನೋಟ. ದ್ವೀಪದವರಿಗೆ ಅದು ಹೊಲ. ಲಕ್ಷದ್ವೀಪದ ಟ್ಯೂನಾ ಮೀನುಗಾರಿಕೆ ಕೋಲು ಮತ್ತು ಗಾಳದ್ದು. ಬಲೆ ಬೀಸಿ ಸಿಕ್ಕಿದ್ದೆಲ್ಲವನ್ನೂ ಬಾಚುವ ಪದ್ಧತಿ ಅದಲ್ಲ. ಒಂದೊಂದೇ ಮೀನನ್ನು ಎತ್ತುವ ಪದ್ಧತಿ. ಟ್ಯೂನಾ ಹಿಂಡನ್ನು ದೋಣಿಯ ಬಳಿಗೆ ಸೆಳೆಯಲು ಜೀವಂತ ಕಿರುಮೀನು ಬೇಕು. ಆ ಕಿರುಮೀನು ದೊರೆಯುವುದು ಲಗೂನಿನ ಹವಳದ ನಡುವೆ. ಬೇಯಿಸಿ, ಹೊಗೆಗೊಡ್ಡಿ, ಒಣಗಿಸಿದ ಮಾಸ್ ಮೀನಿನ ವ್ಯಾಪಾರವೂ ಕೊನೆಗೆ ನಿಂತಿರುವುದು ಆ ಕಿರುಮೀನಿನ ಮೇಲೆ. ಲಗೂನಿನಲ್ಲಿ ಕಂಬ ನೆಟ್ಟು, ಕೆಸರು ಕದಡಿ, ರಾತ್ರಿಯಿಡೀ ದೀಪ ಉರಿಸುವ ನೀರುಮನೆಯು ಬೇರೊಬ್ಬರ ಹೊಲದ ನಡುವೆ ಕಟ್ಟಿದ ಬಂಗಲೆಗೆ ಸಮ. ಅದೂ ಎಂಥ ಹೊಲದಲ್ಲಿ? ಕಡಲು ಕಾದು 1998, 2010, 2016ರಲ್ಲಿ ಹವಳಗಳು ಬಿಳಿಚಿಕೊಂಡು ಸಾಮೂಹಿಕವಾಗಿ ಸತ್ತ ಹೊಲದಲ್ಲಿ. 2024ರಲ್ಲಿ ಮತ್ತೆ ಬಿಳಿಚಿಕೊಂಡ ಹೊಲದಲ್ಲಿ. ಬೆಟ್ಟವಿಲ್ಲದ ದ್ವೀಪಕ್ಕೆ ಹವಳದ ದಂಡೆಯೇ ಅಲೆ ತಡೆಯುವ ಕೋಟೆ. ಬಂಗಾರಂ ಬಳಿಯ ಪರಳಿ-1 ಎಂಬ ಕಿರುದ್ವೀಪ ಸಂಪೂರ್ಣವಾಗಿ ಕೊರೆದುಹೋಗಿರುವುದು 2017ರಲ್ಲಿ ಬೆಳಕಿಗೆ ಬಂದಿತು. ಕೋಟೆ ಬಿರುಕು ಬಿಟ್ಟಿರುವ ಹೊತ್ತಿನಲ್ಲಿ ಅದರ ಬುಡಕ್ಕೆ ಗುದ್ದಲಿ ಹಾಕುವುದನ್ನು ಪ್ರವಾಸೋದ್ಯಮವೆಂದು ಕರೆಯುವುದು ಭಾಷೆಗೆ ಮಾಡಿದ ಅಪಚಾರ.

ಯೋಜನೆಯ ಸಮರ್ಥಕರಲ್ಲಿ ಸಿದ್ಧ ಉತ್ತರಗಳಿವೆ. ಮೊದಲನೆಯದು, ಕಡಲನೀರನ್ನೇ ಸಿಹಿ ಮಾಡಿದರಾಯಿತು ಎಂಬುದು. ಲಕ್ಷದ್ವೀಪದಲ್ಲಿ ಅಂಥ ಸ್ಥಾವರಗಳಿರುವುದು ನಿಜ. ಮೇಲ್ಪದರದ ಬೆಚ್ಚನೆಯ ನೀರು ಮತ್ತು ಆಳದ ತಣ್ಣೀರಿನ ಉಷ್ಣತೆಯ ಅಂತರವನ್ನು ಬಳಸುವ ಮೊದಲ ಸ್ಥಾವರ 2005ರಲ್ಲಿ ಕವರತ್ತಿಯಲ್ಲಿ ಆರಂಭವಾಯಿತು. ಭಾರತೀಯ ವಿಜ್ಞಾನಿಗಳ ಈ ಸಾಧನೆ ಮೆಚ್ಚತಕ್ಕದ್ದು. 2024ರ ಜನವರಿಯಲ್ಲಿ ಕದ್ಮತ್‌ನಲ್ಲೂ ದಿನಕ್ಕೆ 1.5 ಲಕ್ಷ ಲೀಟರ್ ಸಾಮರ್ಥ್ಯದ ಸ್ಥಾವರ ಉದ್ಘಾಟನೆಯಾಯಿತು. 2011ರ ಜನಸಂಖ್ಯೆಗೆ ಹಂಚಿದರೆ ತಲೆಗೆ ಸುಮಾರು 28 ಲೀಟರ್. ಈಗ 110 ಕೊಠಡಿಗಳಿಗೆ ತಲಾ ಇಬ್ಬರಂತೆ 220 ಅತಿಥಿಗಳನ್ನು ಎಣಿಸೋಣ. ಸ್ನಾನದ ತೊಟ್ಟಿ, ಈಜುಕೊಳ, ಹುಲ್ಲುಹಾಸು, ದಿನವೂ ಒಗೆಯುವ ಹಾಸಿಗೆಬಟ್ಟೆ ಎಲ್ಲ ಸೇರಿ ಒಬ್ಬರಿಗೆ 500 ಲೀಟರ್ ಎಂದು ಹಿಡಿದರೂ ದಿನದ ಬೇಡಿಕೆ 1.1 ಲಕ್ಷ ಲೀಟರ್. ಐದು ಸಾವಿರಕ್ಕೂ ಮಿಕ್ಕಿದ ಜನರಿಗಾಗಿ ಕಟ್ಟಿದ ಸ್ಥಾವರದ ಮುಕ್ಕಾಲು ಪಾಲಿಗೆ ಸಮೀಪ! ತಂಗುದಾಣವು ತನ್ನದೇ ಯಂತ್ರ ಹೂಡಿಕೊಳ್ಳುವುದೆಂದರೆ ಯಂತ್ರಕ್ಕೆ ವಿದ್ಯುತ್ ಬೇಕು. ದ್ವೀಪದ ವಿದ್ಯುತ್ತು ಬಹುಮಟ್ಟಿಗೆ ಹಡಗಿನಲ್ಲಿ ಬರುವ ಡೀಸೆಲ್ಲಿನದು. ಸಿಹಿನೀರು ತಯಾರಾದರೂ ಬಳಸಿದ ಕೊಳೆನೀರು ಮಾಯವಾಗುವುದಿಲ್ಲ.

ಎರಡನೆಯ ಉತ್ತರ, ಅತಿಥಿಗಳು ಕಡಿಮೆ, ಹಣ ಹೆಚ್ಚು, ಆದ್ದರಿಂದ ಹಾನಿ ಕಡಿಮೆ ಎಂಬುದು. ಹಾನಿಯನ್ನು ಅಳೆಯಬೇಕಾದದ್ದು ತಲೆಯೆಣಿಕೆಯಿಂದಲ್ಲ; ತಲೆಯೊಂದು ಬಳಸುವ ನೀರಿನಿಂದ, ಉರಿಸುವ ಎಣ್ಣೆಯಿಂದ, ಬಿಟ್ಟುಹೋಗುವ ಹೊಲಸಿನಿಂದ. ಮೂರನೆಯದು ಉದ್ಯೋಗದ ಮಾತು. ದ್ವೀಪದ ತರುಣರಿಗೆ ಕೆಲಸ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸ್ವಂತ ದೋಣಿಯ ಒಡೆಯನ ಮಗನನ್ನು ಪರರ ಹೋಟೆಲಿನ ಸಮವಸ್ತ್ರದಲ್ಲಿ ನಿಲ್ಲಿಸುವುದು ಉದ್ಯೋಗಸೃಷ್ಟಿಯೋ, ಉದ್ಯೋಗಹರಣವೋ ಎಂಬುದನ್ನು ಆ ತರುಣರೇ ತೀರ್ಮಾನಿಸಬೇಕು.

ತೀರ್ಮಾನಿಸುವ ಹಕ್ಕಿನ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಸಮಿತಿಯು, ದ್ವೀಪಗಳ ಅಭಿವೃದ್ಧಿ ಕಾರ್ಯಗಳು ಚುನಾಯಿತ ಸ್ಥಳೀಯ ಸಂಸ್ಥೆಗಳ ಸಮಾಲೋಚನೆಯೊಂದಿಗೆ ನಡೆಯಬೇಕೆಂದು ಹೇಳಿತ್ತು. 2021ರಲ್ಲಿ ಬಂದ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮವಾದರೋ ಯೋಜನೆಯ ಹೆಸರಿನಲ್ಲಿ ಯಾರ ನೆಲವನ್ನಾದರೂ ವಹಿಸಿಕೊಳ್ಳುವ ಅಧಿಕಾರವನ್ನು ಆಡಳಿತಕ್ಕೆ ನೀಡಹೊರಟಿತು. ಅದೇ ವರ್ಷ ಜೂನ್ 7ರಂದು ದ್ವೀಪವಾಸಿಗಳು ಮನೆಮನೆಗಳಲ್ಲಿ ಹನ್ನೆರಡು ಗಂಟೆಗಳ ಉಪವಾಸ ಕುಳಿತರು. ಕೆಲವರು ನೀರಿನಲ್ಲಿ ಮುಳುಗಿ ಫಲಕ ಹಿಡಿದರು. ಆ ಜನ ಪ್ರವಾಸಿಯನ್ನು ದ್ವೇಷಿಸಿದವರಲ್ಲ. ತಮ್ಮ ಮನೆಗೆ ಎಷ್ಟು ಜನ ಬರಬೇಕೆಂಬುದನ್ನು ತಾವೇ ಹೇಳುತ್ತೇವೆ ಎಂದವರು.

ಹಾಗಾದರೆ ಅಲ್ಲಿಗೆ ಹೋಗಲೇಬಾರದೇ? ಹೋಗಬಹುದು. ದಾರಿಯನ್ನು ದ್ವೀಪವೇ ತೋರಿಸಿದೆ. ಲಕ್ಷದ್ವೀಪದ ಪ್ರವಾಸ ಸಂಸ್ಥೆಯು ‘ಸಮುದ್ರಂ’ ಎಂಬ ಯೋಜನೆ ನಡೆಸಿತು. ಪ್ರವಾಸಿಗಳು ಹಗಲು ದ್ವೀಪದಲ್ಲಿ ಇಳಿದು ಸುತ್ತುವರು, ಊಟ ಮಾಡುವರು, ಸಂಜೆ ಹಡಗಿಗೆ ಮರಳಿ ಅಲ್ಲಿಯೇ ಮಲಗುವರು. ಹಡಗೂ ಎಣ್ಣೆ ಕುಡಿಯುತ್ತದೆ, ನಿಜ. ಆದರೆ ರಾತ್ರಿಯ ಭಾರ ಬಾವಿಯ ಮೇಲೆ ಬೀಳುವುದಿಲ್ಲ. ನೆಲದ ಮೇಲೆಯೇ ಉಳಿಯಬೇಕೆನ್ನುವವರಿಗೆ ಊರ ನಡುವಿನ ಮನೆಗಳಿವೆ. ಅಲ್ಲಿಯೂ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಈ ನೆಲ ಯಾರದು? ಬಾವಿಗೆ ಪಂಪು ಇದೆಯೇ, ಮಳೆನೀರಿನ ತೊಟ್ಟಿ ಇದೆಯೇ? ಶೌಚದ ನೀರು ಎಲ್ಲಿಗೆ ಸೇರುತ್ತದೆ? ಕೋಣೆಗೂ ಕಡಲಿಗೂ ನಡುವೆ ತೀರದ ಪೊದೆಯನ್ನೂ ತೆಂಗನ್ನೂ ಉಳಿಸಿದ್ದಾರೆಯೇ? ಕಡಲು ಕಾಣುವ ಕೋಣೆಗಿಂತ ಕಡಲಿಗೆ ನಡೆದು ಹೋಗಬೇಕಾದ ಕೋಣೆ ಮೇಲು. ಈಜುಕೊಳವಿರುವ ತಂಗುದಾಣವನ್ನು, ಕಡಲ ನಡುವೆ ಈಜುಕೊಳ ಬಯಸುವ ವಿವೇಕಹೀನತೆಗಾಗಿಯೇ ತಿರಸ್ಕರಿಸಬೇಕು. ಊರಿನವರ ಮನೆ ಎಂದಮಾತ್ರಕ್ಕೆ ಎಲ್ಲವೂ ನಿರ್ದೋಷಿಯಲ್ಲ. ಬೆಂಗಳೂರಿನ ಹಣದಲ್ಲಿ ಎದ್ದು ಊರಿನ ಹೆಸರು ಹೊತ್ತ ಕಟ್ಟಡಗಳು ಮಲೆನಾಡಿನಲ್ಲಿರುವಂತೆ ಅಲ್ಲಿಯೂ ಹುಟ್ಟಬಲ್ಲವು.

ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ಕಲಿತ ವಿದ್ಯಾರ್ಥಿಯು ಊರಿಗೆ ಮರಳಿದಾಗ ಅವುಗಳನ್ನು ಮರೆಯಲಾರ. ಗುಡ್ಡದ ನೆತ್ತಿಯಲ್ಲಿ ಮಂಜು ಕಾಣುವ ಕೋಣೆ ಕಟ್ಟಿ, ಕೊಳವೆಬಾವಿ ಕೊರೆದು, ಕೆಳಗಿನ ಕೇರಿಯ ಒರತೆ ಬತ್ತಿಸುವವರಿಗೂ ಅದೇ ಪ್ರಶ್ನೆಗಳು ಸಲ್ಲುತ್ತವೆ. ದ್ವೀಪಕ್ಕೆ ಮಾತ್ರ ಸುತ್ತಲೂ ಉಪ್ಪಿದೆ. ತಪ್ಪು ಬೇಗ ನಾಲಗೆಗೆ ತಾಗುತ್ತದೆ. ಮಲೆನಾಡಿನಲ್ಲಿ ಅದು ತಡವಾಗಿ ತಾಗುತ್ತದೆ, ಅಷ್ಟೇ. ಮುಂಗಡ ಹಣ ಕಟ್ಟುವ ಮೊದಲು ಕಿಟಕಿಯ ಬಗ್ಗೆ ವಿಚಾರಿಸುವವರು ಬಾವಿಯ ಬಗ್ಗೆಯೂ ವಿಚಾರಿಸಲಿ. ಉತ್ತರ ದೊರೆಯದಿದ್ದರೆ ಆ ಕೋಣೆ ಖಾಲಿಯೇ ಉಳಿಯಲಿ.