ಕಾಲು ನೆಟ್ಟಗಾಯ್ತು, ಇನ್ನು ಬೂಟು ಯಾಕೆ?



ಕಳೆದ ತಿಂಗಳು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಿಂದ ಒಬ್ಬ ತಾಯಿ ನಮ್ಮ ಬ್ಯಾಂಕಿನ ಕೌಂಟರಿಗೆ ಬಂದಿದ್ದಳು. ದುಡ್ಡು ತೆಗೆಯೋ ಸ್ಲಿಪ್ ತುಂಬಿಕೊಡ್ರಿ ಅಂದಳು. ಸೊಂಟದ ಮೇಲೆ ಎರಡು ವರ್ಷದ ಗಂಡು ಕೂಸು. ಕೂಸಿನ ಎಡಪಾದ ಒಳಕ್ಕೆ ತಿರುಗಿತ್ತು. "ತಂಗಿ, ಕಾಲಿಗೆ ಏನಾತವಾ?" ಅಂತ ಕೇಳಿದೆವು.

"ಹುಟ್ಟಿದಾಗೇ ಹಿಂಗ ಇತ್ರಿ ಅಣ್ಣಾರ. ದವಾಖಾನ್ಯಾಗ ಸಿಮೆಂಟ್ ಪಟ್ಟಿ ಹಾಕಿ ನೆಟ್ಟಗ ಮಾಡಿದ್ರು. ಆಮ್ಯಾಲ ಬೂಟ್ ಕೊಟ್ರು. ಕಾಲ ನೆಟ್ಟಗ ಆಗಿತ್ತಲ್ರಿ, ಮತ್ತ ಬೂಟ್ ಯಾಕ? ಕೂಸು ರಾತ್ರಿಯೆಲ್ಲಾ ಅಳತಿತ್ತು, ಬಿಚ್ಚಿ ಇಟ್ವಿ. ಈಗ ನೋಡ್ರಿ, ತಿರುಗಿ ಹೊಳ್ಳೇದ."

ಅವಳ ಚೀಲದಲ್ಲಿ ಆಸ್ಪತ್ರೆಯ ಕಾರ್ಡು ಇತ್ತು. ನಾಲ್ಕು ವರ್ಷ ತುಂಬುವ ತನಕ ರಾತ್ರಿ ಮತ್ತು ಹಗಲು ಮಲಗಿದಾಗ ಬೂಟು ಹಾಕಬೇಕು ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಸಿಸ್ಟರ್ ಮರಾಠಿಯಲ್ಲಿ ಬಾಯಿಮಾತಿನಲ್ಲೂ ಹೇಳಿದ್ದರಂತೆ. "ನಾ ಹೂಂ ಹೂಂ ಅಂದೆರಿ" ಅಂದಳು. ಸಂತೆಯಲ್ಲಿ ಉಳ್ಳಾಗಡ್ಡಿ ಕೊಳ್ಳೋವಷ್ಟು ಮರಾಠಿ ಅವಳಿಗೆ ಬರುತ್ತದೆ. ನೆಟ್ಟಗಾದ ಕಾಲಿಗೆ ಇನ್ನೂ ಯಾಕೆ ಬೂಟು ಅಂತ ಎದುರು ಪ್ರಶ್ನೆ ಕೇಳೋವಷ್ಟು ಬರೋದಿಲ್ಲ.

ಇಲ್ಲಿ ಯಾರನ್ನೂ ದೂರೋದಕ್ಕೆ ನಾವು ಬರೆಯುತ್ತಿಲ್ಲ. ಡಾಕ್ಟರು ತಮ್ಮ ಕೆಲಸ ಮಾಡಿದ್ದಾರೆ, ಸಿಸ್ಟರ್ ಹೇಳಬೇಕಾದ್ದು ಹೇಳಿದ್ದಾರೆ, ತಾಯಿ ಕೂಸಿನ ಅಳು ನೋಡಲಾರದೆ ಬೂಟು ಬಿಚ್ಚಿದ್ದಾಳೆ. ಆದರೂ ಕೂಸಿನ ಪಾದ ಮತ್ತೆ ತಿರುಗಿದೆ. ಎಲುಬು, ನರ, ಕಿಡ್ನಿಯ ದೀರ್ಘ ಕಾಯಿಲೆ ಇರುವ ಮಕ್ಕಳ ಆರೈಕೆಯಲ್ಲಿ ಆಸ್ಪತ್ರೆಯ ಪಾಲು ಕೆಲವೇ ದಿನದ್ದು. ಉಳಿದ ವರ್ಷಗಳ ನರ್ಸ್ ಕೆಲಸವೆಲ್ಲಾ ತಾಯಿಯದ್ದು. ಆ ಕೆಲಸ ಹೇಗೆ, ಯಾಕೆ ಅನ್ನೋದು ಅವಳಿಗೆ ತಿಳಿಯುವ ಮಾತಿನಲ್ಲಿ ತಲುಪದಿದ್ದರೆ ಅರ್ಧ ಚಿಕಿತ್ಸೆ ಅಲ್ಲೇ ನಿಂತಂತೆ.

ಸೊಟ್ಟ ಪಾದ, ಆಸ್ಪತ್ರೆ ಮಾತಿನಲ್ಲಿ ಕ್ಲಬ್‌ಫುಟ್, ಅಪರೂಪದ್ದೇನಲ್ಲ. ಹೆಚ್ಚುಕಡಿಮೆ ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಹುಟ್ಟುತ್ತಲೇ ಇರುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಬಸುರಿ ಗ್ರಹಣದ ದಿನ ಹೊರಗೆ ಬಂದಳು, ಕತ್ತರಿ ಹಿಡಿದಳು ಅಂತ ತಾಯಿಯ ತಲೆಗೆ ಕಟ್ಟೋದು ನಮ್ಮೂರುಗಳಲ್ಲಿ ಇನ್ನೂ ಇದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಮೆರಿಕದ ಅಯೋವಾದಲ್ಲಿದ್ದ ಡಾ. ಇಗ್ನೇಸಿಯೋ ಪೊನ್ಸೆಟಿ ದೊಡ್ಡ ಆಪರೇಷನ್ ಇಲ್ಲದೆಯೇ ಇದನ್ನು ಸರಿಮಾಡುವ ದಾರಿ ತೋರಿಸಿದರು. ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿರುಗಿಸಿ, ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ವಾರ. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಬಿಗಿಯಾದ ನರದಂಥ ಕಟ್ಟನ್ನು ಚಿಕ್ಕದಾಗಿ ಕತ್ತರಿಸಿ, ಮೂರು ವಾರದ ಕೊನೆಯ ಪ್ಲಾಸ್ಟರ್ ಹಾಕುತ್ತಾರೆ. ಅಲ್ಲಿಗೆ ಪಾದ ನೋಡೋಕೆ ನೆಟ್ಟಗೆ ಕಾಣುತ್ತದೆ.

ಎಡವೋದು ಇಲ್ಲೇ. ಕೂಸು ಬೆಳೆಯುತ್ತಿರುವಷ್ಟು ದಿನ ಪಾದಕ್ಕೆ ಒಳಕ್ಕೆ ಎಳೆಯುವ ಗುಣ ಇದ್ದೇ ಇರುತ್ತದೆ. ಪ್ಲಾಸ್ಟರ್ ತಿದ್ದಿದ್ದನ್ನು ಹಿಡಿದಿಡೋದು ಬೂಟಿನ ಕೆಲಸ. ಒಂದು ಪಟ್ಟಿಯ ಎರಡು ತುದಿಗೆ ಎರಡು ಬೂಟು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷ ಆಗುವವರೆಗೆ ರಾತ್ರಿ ಮತ್ತು ಹಗಲುನಿದ್ದೆ ಸೇರಿ 12ರಿಂದ 14 ಗಂಟೆ. ಬ್ಯಾಂಕಿನವರಾದ ನಮಗೆ ಇದು ಆರ್.ಡಿ. ಖಾತೆಯ ಹಾಗೆ ಕಾಣುತ್ತದೆ. ನಾಲ್ಕು ಕಂತು ಕಟ್ಟಿ ನಿಲ್ಲಿಸಿದರೆ ಕೊನೆಗೆ ಬರಬೇಕಾದ್ದು ಬರೋದಿಲ್ಲ. ಪಾದ ಮತ್ತೆ ತಿರುಗೋದಕ್ಕೆ ದೊಡ್ಡ ಕಾರಣವೇ ಬೂಟು ಬಿಡೋದು.

ಹಾಗಂತ ಕೂಸಿನ ಅಳುವನ್ನೂ ಕಡೆಗಣಿಸಬಾರದು. ಮೊದಲ ಕೆಲವು ದಿನ ಅಳೋದು ಸಹಜ, ಎರಡೂ ಕಾಲು ಕೂಡಿಸಿ ಒದೆಯೋದು ಕಲಿತ ಮೇಲೆ ಸುಮ್ಮನಾಗುತ್ತದೆ. ದಿನಾ ಬೂಟು ತೆಗೆದಾಗ ಪಾದದ ಚರ್ಮ ನೋಡಬೇಕು. ಹಿಮ್ಮಡಿ ಮೇಲೆದ್ದು ಜಾರುತ್ತಿದ್ದರೆ, ಬೊಬ್ಬೆ ಎದ್ದಿದ್ದರೆ ಬೂಟು ಸರಿಯಾಗಿ ಕೂತಿಲ್ಲ ಅಂತ ಅರ್ಥ. ಆಗ ಬೂಟನ್ನು ಅಟ್ಟಕ್ಕೆ ಹಾಕದೆ, ಕೂಸಿನ ಜೊತೆ ಆಸ್ಪತ್ರೆಗೆ ಒಯ್ಯಬೇಕು.

ಪ್ಲಾಸ್ಟರ್ ಇರುವ ವಾರಗಳಲ್ಲಿ ಬಾಣಂತನದ ಮನೆಯಲ್ಲಿ ದೊಡ್ಡ ಕದನ ಎಣ್ಣೆನೀರಿನದ್ದು. ಅಜ್ಜಿಗೆ ಕೂಸನ್ನು ಎರೆಯದೆ ಸಮಾಧಾನ ಇಲ್ಲ. ಪ್ಲಾಸ್ಟರ್ ನೆನೆದರೆ ಮೆತ್ತಗಾಗಿ ಕೆಡುತ್ತದೆ, ಒಳಗಿನ ಚರ್ಮವೂ ಕೆಡುತ್ತದೆ. ಅಷ್ಟು ದಿನ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಒಳಗೆ ಎಣ್ಣೆ, ಪೌಡರ್ ಬೇಡ, ತುರಿಕೆಗೆ ಕಡ್ಡಿ ತೂರಿಸೋದು ಬೇಡ. ಹೊಸ ಪ್ಲಾಸ್ಟರ್ ಪೂರ್ತಿ ಒಣಗೋಕೆ ಒಂದೆರಡು ದಿನ ಬೇಕು. ಅಲ್ಲಿಯವರೆಗೆ ಬೆರಳಿನಿಂದ ಒತ್ತದೆ ಅಂಗೈಯಿಂದ ಎತ್ತಿ, ಕಾಲ ಕೆಳಗೆ ದಿಂಬಿಡಿ. ಕಾಲಿನ ಬೆರಳು ಒತ್ತಿಬಿಟ್ಟರೆ ಬೆಳ್ಳಗಾಗಿ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಬೆರಳು ನೀಲಿಯಾದರೆ, ತಣ್ಣಗಾದರೆ, ಬಾತರೆ, ಪ್ಲಾಸ್ಟರ್ ಒಳಗೆ ಮಾಯವಾದರೆ, ಕೆಟ್ಟ ವಾಸನೆ ಬಂದರೆ, ಕೂಸು ಏನು ಮಾಡಿದರೂ ಅಳು ನಿಲ್ಲಿಸದಿದ್ದರೆ ಮುಂದಿನ ವಾರದ ತಾರೀಖಿಗೆ ಕಾಯಬೇಡಿ. ಅವತ್ತೇ ಹೋಗಿ.

ಬೂಟಿನ ಕಥೆ ಬೇರೆ ಕಾಯಿಲೆಗಳಲ್ಲೂ ಹಾಗೇ ನಡೆಯುತ್ತದೆ. ಬೆಳಿಗ್ಗೆ ಎದ್ದಾಗ ಕೂಸಿನ ಕಣ್ಣಿನ ಸುತ್ತ ಬಾವು, ಉಚ್ಚೆಯಲ್ಲಿ ನೊರೆ. ಕಿಡ್ನಿಯಿಂದ ಪ್ರೋಟೀನ್ ಸೋರುವ ನೆಫ್ರೋಟಿಕ್ ಸಿಂಡ್ರೋಮ್ ಹೀಗೆ ಶುರುವಾಗುತ್ತದೆ. ಮೊದಲ ಸಲ ಸ್ಟಿರಾಯ್ಡ್ ಮಾತ್ರೆ ಸುಮಾರು 12 ವಾರ ನಡೆಯುತ್ತದೆ. ಬಾವು ಇಳಿಯಿತು ಅಂತಲೋ, ಮುಖ ದುಂಡಗಾಯಿತು ಅಂತ ಹೆದರಿಯೋ ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಈ ಮಾತ್ರೆಯನ್ನು ತಟ್ಟನೆ ನಿಲ್ಲಿಸೋದು ಕೂಸಿಗೆ ಅಪಾಯ. ಬಹಳ ಮಕ್ಕಳಿಗೆ ಕಾಯಿಲೆ ಮರಳಿ ಬರುತ್ತದೆ, ಅದಕ್ಕೇ ಬೆಳಗಿನ ಉಚ್ಚೆಯನ್ನು ಮನೆಯಲ್ಲೇ ಬಣ್ಣದ ಕಡ್ಡಿಯಿಂದ ನೋಡಿ ಪುಸ್ತಕದಲ್ಲಿ ಬರೆಯಲು ಹೇಳೋದು. ಮೂರು ದಿನ ಸತತವಾಗಿ ಮೂರು ಪ್ಲಸ್ ಬಂದರೆ ಬಾವು ಬರೋದಕ್ಕೆ ಮೊದಲೇ ಡಾಕ್ಟರ್ ಹತ್ತಿರ ಹೋಗಬೇಕು. ಜ್ವರ, ಹೊಟ್ಟೆನೋವು ಬಂದರೆ ತಕ್ಷಣ. ಆ ಪುಸ್ತಕ ಕೂಸಿನ ಪಾಸ್‌ಬುಕ್ಕು. ಒಂದು ದಿನದ ಎಂಟ್ರಿಯೂ ತಪ್ಪಬಾರದು.

ಬೆನ್ನುಹುರಿ ಪೂರ್ತಿ ಮುಚ್ಚದೆ ಹುಟ್ಟುವ, ಸ್ಪೈನಾ ಬೈಫಿಡಾ ಇರುವ ಎಷ್ಟೋ ಮಕ್ಕಳಿಗೆ ಮೂತ್ರಚೀಲ ತಾನೇ ಖಾಲಿಯಾಗೋದಿಲ್ಲ. ಉಳಿದ ಮೂತ್ರದಿಂದ ಸೋಂಕು, ಸೋಂಕಿನಿಂದ ಕಿಡ್ನಿಗೆ ಹಾನಿ. ಮೂರು ನಾಲ್ಕು ತಾಸಿಗೊಮ್ಮೆ ತೆಳ್ಳನೆ ನಳಿಕೆ ಹಾಕಿ ಮೂತ್ರ ತೆಗೆಯಬೇಕು. ಇದಕ್ಕೆ ಆಪರೇಷನ್ ಕೋಣೆಯ ಮಡಿ ಬೇಕಿಲ್ಲ, ಸೋಪಿನಿಂದ ತೊಳೆದ ಕೈ ಮತ್ತು ಶುಚಿಯಾದ ನಳಿಕೆ ಸಾಕು ಅಂತ ಅಮೆರಿಕದ ಡಾ. ಜಾಕ್ ಲ್ಯಾಪಿಡೆಸ್ 1972ರಲ್ಲೇ ತೋರಿಸಿಕೊಟ್ಟರು. ತಾಯಿ ಇದನ್ನು ಕಲಿಯಬಹುದು, ಶಾಲೆಗೆ ಹೋಗುವ ವಯಸ್ಸಿಗೆ ಎಷ್ಟೋ ಮಕ್ಕಳು ತಾವೇ ಕಲಿಯುತ್ತಾರೆ. ಈ ಮಕ್ಕಳಿಗೆ ಲೇಟೆಕ್ಸ್ ರಬ್ಬರಿನ ಅಲರ್ಜಿ ಬರುವ ಸಾಧ್ಯತೆ ಹೆಚ್ಚು, ಅದಕ್ಕೇ ಬಲೂನು, ರಬ್ಬರ್ ಗ್ಲೌಸ್ ದೂರ ಇಡಬೇಕು. ಕಾಲಿಗೆ ಸ್ಪರ್ಶ ಗೊತ್ತಾಗದಿದ್ದರೆ ಸ್ನಾನದ ನೀರಿನ ಬಿಸಿ ದೊಡ್ಡವರೇ ನೋಡಬೇಕು. ಶಾಲೆಯಲ್ಲಿ ಚಿಲಕ ಇರುವ, ನೀರಿರುವ ಒಂದು ಪಾಯಿಖಾನೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಇಂಥ ಕೂಸಿನ ಓದು ನಿಲ್ಲಬಾರದು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಕಾಸರಗೋಡಿನಲ್ಲಿ ನಿಮಗೆ ಮಲಯಾಳ ಬರುತ್ತದೆ, ತಾಳವಾಡಿಯಲ್ಲಿ ತಮಿಳು, ಆದೋನಿಯಲ್ಲಿ ತೆಲುಗು, ಜತ್ತದಲ್ಲಿ ಮರಾಠಿ. ಶಾಲೆಯಲ್ಲಿ ಒಂದಿಷ್ಟು ಇಂಗ್ಲಿಷೂ ಕಲಿತಿದ್ದೀರಿ. ನಿಮ್ಮ ಓಣಿಯ ತಾಯಿಗೆ ಅದಿಲ್ಲ. ಅವಳು ಆಸ್ಪತ್ರೆಗೆ ಹೋಗುವ ದಿನ ಒಬ್ಬರು ಜೊತೆಗೆ ಹೋಗಿ. ಸಿಸ್ಟರನ್ನು ಗೌರವದಿಂದ ಐದು ಮಾತು ಕೇಳಿ: ದಿನಕ್ಕೆ ಎಷ್ಟು ಹೊತ್ತು, ಎಲ್ಲಿಯವರೆಗೆ, ಯಾಕೆ, ಏನು ಕಂಡರೆ ತಕ್ಷಣ ವಾಪಸ್ ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ಉತ್ತರಗಳನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಆಮೇಲೆ "ಅಕ್ಕಾ, ಈಗ ನೀವು ನಂಗ ಹೇಳ್ರಿ, ಏನ್ ಮಾಡ್ತೀರಿ?" ಅಂತ ಕೇಳಿ. ಅವಳು ತನ್ನ ಮಾತಿನಲ್ಲಿ ತಿರುಗಿ ಹೇಳಿದರೆ ತಿಳಿದಿದೆ ಅಂತ ಅರ್ಥ. ಬರೀ ಹೂಂ ಅಂದರೆ ಮತ್ತೊಮ್ಮೆ ಹೇಳಿ. ಔಷಧದ ಪ್ರಮಾಣ ಮಾತ್ರ ನೀವಾಗಿ ಊಹಿಸಬೇಡಿ, ಕಾರ್ಡಿನಲ್ಲಿದ್ದದ್ದನ್ನೇ ಬರೆಯಿರಿ.

ಖರ್ಚಿಗೆ ಹೆದರಿ ಮನೆಯಲ್ಲಿ ಕೂತವರಿಗೆ ಇದನ್ನೂ ಹೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ, ಚಿಕಿತ್ಸೆ ಉಚಿತ. ಸೊಟ್ಟ ಪಾದ, ಬೆನ್ನುಹುರಿಯ ದೋಷ ಎರಡೂ ಅದರ ಪಟ್ಟಿಯಲ್ಲಿವೆ. ಇದು ಕೇಂದ್ರದ ಯೋಜನೆ, ಗಡಿಯ ಯಾವ ಕಡೆ ಇದ್ದರೂ ಕೇಳಬಹುದು. ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯನ್ನೋ ಮೊದಲು ವಿಚಾರಿಸಿ.

ಆ ತಾಯಿಯ ಕೂಸಿಗೆ ಈಗ ಮತ್ತೆ ಪ್ಲಾಸ್ಟರ್ ಹಾಕುತ್ತಿದ್ದಾರೆ. ತಿರುಗಿದ ಪಾದವನ್ನು ಎರಡನೇ ಸಲವೂ ಹೀಗೆ ತಿದ್ದೋಕೆ ಬರುತ್ತದೆ. ಅವತ್ತು ನಾವು ಬ್ಯಾಂಕ್ ಸ್ಲಿಪ್ಪಿನ ಹಿಂದೆ ನಾಲ್ಕು ಸಾಲು ಕನ್ನಡದಲ್ಲಿ ಬರೆದುಕೊಟ್ಟಿದ್ದೆವು. ಅದನ್ನು ತೊಟ್ಟಿಲ ಮೇಲಿನ ಗೋಡೆಗೆ ಅಂಟಿಸಿದ್ದಾಳಂತೆ. ನಿಮ್ಮ ಓಣಿಯಲ್ಲೂ ಇಂಥ ಒಂದು ಗೋಡೆ ಇರಬಹುದು. ಈ ವಾರ ಒಮ್ಮೆ ವಿಚಾರಿಸಿ ನೋಡಿ.